ಬಳಸುವವನೇ ಅಳತೆಗೋಲು: ಮತಯಂತ್ರವೂ ವಿನ್ಯಾಸತತ್ತ್ವಗಳೂ

ಮಾನವನು ಉಪಕರಣಗಳನ್ನು ನಿರ್ಮಿಸಿಕೊಳ್ಳುವ ಪ್ರಾಣಿಯೆಂಬುದು ಸರ್ವವಿದಿತವಾದ ಮಾತು. ಕುಡುಗೋಲು, ಕೊಡಲಿ, ಒನಕೆ, ಬೀಸುವ ಕಲ್ಲು ಮೊದಲಾದ ಸಾಧನಗಳನ್ನು ಕಂಡವರಿಗೆ ಅವುಗಳ ಉಪಯೋಗವನ್ನು ಪ್ರತ್ಯೇಕವಾಗಿ ಬೋಧಿಸಬೇಕಾಗಿರಲಿಲ್ಲ. ಹಿಡಿ ಎಲ್ಲಿದೆ, ಅಲಗು ಎಲ್ಲಿದೆ ಎಂಬುದು ನೋಡಿದೊಡನೆಯೇ ಗೋಚರಿಸುತ್ತಿತ್ತು. ಏಟು ತಪ್ಪಿದರೆ ತಪ್ಪಿತೆಂಬುದು ಕೈಗೇ ತಿಳಿಯುತ್ತಿತ್ತು. ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಒಂದೇ ಬಗೆಯ ಹತ್ತು ಗುಂಡಿಗಳು ಸಾಲಾಗಿ ಕುಳಿತಿರುವ ಪೆಟ್ಟಿಗೆಯ ಒಳಗೆ ಏನು ನಡೆಯುತ್ತಿದೆಯೆಂಬುದು ಕಣ್ಣಿಗೂ ಕಾಣದು, ಕೈಗೂ ತಿಳಿಯದು. ಆದುದರಿಂದ ಯಂತ್ರವು ತನ್ನನ್ನು ಬಳಸುವವನೊಡನೆ ಹೇಗೆ ವ್ಯವಹರಿಸಬೇಕು, ತಾನು ಏನು ಮಾಡಬಲ್ಲೆನೆಂಬುದನ್ನು ಹೇಗೆ ತೋರಿಸಬೇಕು, ಮಾಡಿದುದನ್ನು ಹೇಗೆ ತಿಳಿಸಬೇಕು ಎಂಬ ವಿಷಯಗಳು ಒಂದು ಶಾಸ್ತ್ರವಾಗಿ ಬೆಳೆಯಬೇಕಾಯಿತು. ಇದನ್ನೇ ಇಂದು ಇಂಟರಾಕ್ಷನ್ ಡಿಸೈನ್ ಎನ್ನುತ್ತಾರೆ. ಕನ್ನಡದಲ್ಲಿ ವ್ಯವಹಾರ ವಿನ್ಯಾಸ ಎಂದು ಕರೆಯಬಹುದು. ಈ ಶಾಸ್ತ್ರದ ಮುಖ್ಯ ತತ್ತ್ವಗಳನ್ನು, ನಮ್ಮಲ್ಲಿ ಬಹುಮಂದಿ ಸ್ವತಃ ಬಳಸಿರುವ ವಿದ್ಯುನ್ಮಾನ ಮತಯಂತ್ರವನ್ನು ದೃಷ್ಟಾಂತವಾಗಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರದ ಉಗಮ

ಯಂತ್ರವನ್ನು ಬಳಸುವಾಗ ತಪ್ಪಾದರೆ ಬಳಸಿದವನನ್ನೇ ದೂಷಿಸುವುದು ಬಹುಕಾಲದಿಂದ ಬಂದ ವಾಡಿಕೆ. ಈ ವಾಡಿಕೆಗೆ ಮೊದಲ ಪೆಟ್ಟು ಬಿದ್ದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-೧೭ ಯುದ್ಧವಿಮಾನಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೆ, ಚಾಲಕರು ರೆಕ್ಕೆಯ ಮಡಿಕೆಗಳನ್ನು ಎತ್ತುವ ಬದಲಾಗಿ ಗಾಲಿಗಳನ್ನೇ ಎತ್ತಿಬಿಡುವ ಅವಘಡಗಳು ಪದೇ ಪದೇ ಸಂಭವಿಸುತ್ತಿದ್ದವು. ಚಾಲಕರ ಅಜಾಗರೂಕತೆಯೇ ಕಾರಣವೆಂದು ಅಧಿಕಾರಿಗಳು ಭಾವಿಸಿದ್ದರು. ೧೯೪೩ರಲ್ಲಿ ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ಈ ವಿಷಯವನ್ನು ಪರಿಶೀಲಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಗಾಲಿಯ ಹಿಡಿಯೂ ಮಡಿಕೆಯ ಹಿಡಿಯೂ ಪಕ್ಕಪಕ್ಕದಲ್ಲಿದ್ದವು; ಆಕಾರದಲ್ಲಿಯೂ ಒಂದೇ ಆಗಿದ್ದವು. ದಣಿದ ಕೈಗೆ ಅವುಗಳ ಭೇದ ತಿಳಿಯುವಂತಿರಲಿಲ್ಲ. ಗಾಲಿಯ ಹಿಡಿಗೆ ಚಕ್ರಾಕಾರದ ತುದಿಯನ್ನೂ ಮಡಿಕೆಯ ಹಿಡಿಗೆ ಚಪ್ಪಟೆಯಾದ ತುದಿಯನ್ನೂ ಜೋಡಿಸುವುದೇ ಆತನು ಸೂಚಿಸಿದ ಪರಿಹಾರ. ಮನುಷ್ಯನನ್ನು ತಿದ್ದುವ ಮೊದಲು ವಸ್ತುವನ್ನು ತಿದ್ದಬೇಕೆಂಬ ಈ ದೃಷ್ಟಿಯೇ ಮುಂದೆ ಶಾಸ್ತ್ರಕ್ಕೆ ತಳಹದಿಯಾಯಿತು.

೧೯೮೫ರಲ್ಲಿ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಎಂಬ ಸಂಶೋಧಕರು ಮೂರು ಸೂತ್ರಗಳನ್ನು ಮಂಡಿಸಿದರು. ಬಳಸುವವರು ಯಾರು, ಅವರ ಕೆಲಸವೇನು ಎಂಬುದನ್ನು ಆರಂಭದಲ್ಲಿಯೇ ಅರಿಯಬೇಕು. ಅವರ ಕೈಗೆ ಮಾದರಿಯನ್ನು ಕೊಟ್ಟು ಫಲವನ್ನು ಅಳೆಯಬೇಕು. ಕಂಡ ದೋಷಗಳನ್ನು ತಿದ್ದಿ ಮತ್ತೆ ಮತ್ತೆ ಪರೀಕ್ಷಿಸಬೇಕು. ೧೯೮೮ರಲ್ಲಿ ಡೊನಾಲ್ಡ್ ನಾರ್ಮನ್ ನಿತ್ಯೋಪಯೋಗಿ ವಸ್ತುಗಳ ಮನಶ್ಶಾಸ್ತ್ರವನ್ನು ಕುರಿತು ಬರೆದ ಗ್ರಂಥವು ಈ ವಿಚಾರಗಳನ್ನು ಜನಸಾಮಾನ್ಯರಿಗೂ ತಲುಪಿಸಿತು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿನ ಮುಂದೆ ವಿದ್ಯಾವಂತರೂ ತಬ್ಬಿಬ್ಬಾಗುವುದನ್ನು ಆತನು ಉದಾಹರಿಸಿ, ಅದು ಬಾಗಿಲಿನ ದೋಷವೇ ಹೊರತು ಮನುಷ್ಯನದಲ್ಲವೆಂದು ತೋರಿಸಿದನು.

ನಿರಕ್ಷರ ಮತದಾರನೆಂಬ ಸವಾಲು

ಬಾಗಿಲು ತೆರೆಯದಿದ್ದರೆ ಒಂದು ಕ್ಷಣದ ಮುಜುಗರವಾಗಬಹುದು. ಆದರೆ ಮತದಾನದ ಸಾಧನವು ದೋಷಯುಕ್ತವಾದರೆ ಪ್ರಜೆಯ ಇಚ್ಛೆಯೇ ವ್ಯರ್ಥವಾಗುತ್ತದೆ. ೧೯೫೧-೫೨ರಲ್ಲಿ ನಮ್ಮ ದೇಶದ ಪ್ರಥಮ ಮಹಾಚುನಾವಣೆ ನಡೆದಾಗ ಮತದಾರರ ಸಂಖ್ಯೆ ಸುಮಾರು ೧೭ ಕೋಟಿ. ೧೯೫೧ರ ಜನಗಣತಿಯ ಪ್ರಕಾರ ಸಾಕ್ಷರರು ನೂರಕ್ಕೆ ಸುಮಾರು ೧೮ ಮಂದಿ ಮಾತ್ರ. ಅಕ್ಷರ ಬಾರದವನಿಗೆ ಮತವೇಕೆ ಎಂದು ಕೇಳುವವರು ಅಂದೂ ಇದ್ದರು. ಸಂವಿಧಾನವು ಆ ಪ್ರಶ್ನೆಯನ್ನು ತಿರಸ್ಕರಿಸಿತ್ತು. ಆದರೆ ಹಕ್ಕನ್ನು ಕೊಟ್ಟ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ. ಓದಲಾರದವನೂ ಪರರ ನೆರವಿಲ್ಲದೆ, ಗೋಪ್ಯವಾಗಿ, ತನ್ನ ಇಚ್ಛೆಯನ್ನು ದಾಖಲಿಸಲು ಒಂದು ಸಾಧನ ಬೇಕು.

ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರ ಕಾಲದಲ್ಲಿ ಚಿತ್ರರೂಪದ ಚಿಹ್ನೆಗಳನ್ನು ಆಶ್ರಯಿಸಲಾಯಿತು. ಪ್ರತಿಯೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಆತನ ಚಿಹ್ನೆ. ಮತದಾರನು ಯಾವ ಗುರುತನ್ನೂ ಮಾಡಬೇಕಾಗಿರಲಿಲ್ಲ. ಕೊಟ್ಟ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿದರೆ ಸಾಕು. ಕೈಯ ಕ್ರಿಯೆಯೂ ಮನಸ್ಸಿನ ಇಚ್ಛೆಯೂ ಇಷ್ಟು ಸಮೀಪವಾಗಿರುವ ವ್ಯವಸ್ಥೆ ಅಪರೂಪ. ಆದರೆ ಅಭ್ಯರ್ಥಿಗಳು ಹೆಚ್ಚಿದಂತೆ ಪೆಟ್ಟಿಗೆಗಳೂ ಹೆಚ್ಚಬೇಕು. ಚೀಟಿಯನ್ನು ಹಾಕದೆ ಹೊರಗೊಯ್ಯುವುದಕ್ಕೂ ಎಡೆಯಿತ್ತು. ಆದುದರಿಂದ ೧೯೬೨ರ ಮಹಾಚುನಾವಣೆಯ ಹೊತ್ತಿಗೆ, ಎಲ್ಲ ಚಿಹ್ನೆಗಳನ್ನೂ ಒಂದೇ ಮತಪತ್ರದಲ್ಲಿ ಮುದ್ರಿಸಿ ಮತದಾರನಿಂದ ಮೊಹರು ಹಾಕಿಸುವ ಪದ್ಧತಿ ಬಳಕೆಗೆ ಬಂದಿತು. ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಅಳಿಸಲಾಗದ ಶಾಯಿಯು ಮತದಾರರ ಬೆರಳನ್ನು ಸೇರಿದುದೂ ಆ ವರ್ಷದಲ್ಲಿಯೇ.

ಮೊಹರಿನ ಪದ್ಧತಿಯಲ್ಲಿ ಹೊಸ ತೊಡಕುಗಳಿದ್ದವು. ಎರಡು ಚಿಹ್ನೆಗಳ ನಡುವಣ ಗೆರೆಯ ಮೇಲೆ ಮೊಹರು ಬಿದ್ದರೆ ಮತ ಯಾರದು? ಹಸಿ ಶಾಯಿಯಿರುವಾಗಲೇ ಪತ್ರವನ್ನು ಮಡಿಸಿದರೆ ಗುರುತು ಇನ್ನೊಂದು ಚಿಹ್ನೆಯ ಮೇಲೂ ಮೂಡುವುದಲ್ಲವೆ? ಎರಡನೆಯ ತೊಡಕಿಗೆ ಕಂಡುಕೊಂಡ ಉಪಾಯವು ಶ್ಲಾಘ್ಯವಾದುದು. ಒಂದೇ ದಿಕ್ಕಿಗೆ ತಿರುಗಿದಂತಿರುವ ಬಾಣಗಳ ಶಿಲುಬೆಯಾಕಾರದ ಮೊಹರನ್ನು ಬಳಕೆಗೆ ತಂದರು. ಮಡಿಕೆಯಿಂದ ಮೂಡಿದ ಪ್ರತಿಬಿಂಬದಲ್ಲಿ ಬಾಣಗಳು ವಿರುದ್ಧ ದಿಕ್ಕಿಗೆ ತಿರುಗಿರುವುದರಿಂದ ಮೂಲಗುರುತು ಯಾವುದೆಂದು ಎಣಿಸುವವನು ನಿರ್ಣಯಿಸಬಹುದಾಗಿತ್ತು. ಮಡಿಸಬೇಡವೆಂದು ಕೋಟ್ಯಂತರ ಜನರಿಗೆ ಉಪದೇಶಿಸುವ ಬದಲು, ಅವರು ಹೇಗೆ ಮಡಿಸಿದರೂ ಮತ ಕೆಡದಂತೆ ಮೊಹರನ್ನೇ ರೂಪಿಸಿದರು. ವಿನ್ಯಾಸವೆಂದರೆ ಇದೇ.

ಮತಯಂತ್ರದ ಆಗಮನ

ಯಂತ್ರದ ಮೂಲಕ ಮತ ಪಡೆಯುವ ವಿಚಾರವು ೧೯೭೭ರಲ್ಲಿ ಚುನಾವಣಾ ಆಯೋಗದಲ್ಲಿ ಮೊಳೆಯಿತು. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು ೧೯೭೯ರಲ್ಲಿ ಮಾದರಿಯನ್ನು ಸಿದ್ಧಪಡಿಸಿತು. ೧೯೮೦ರಲ್ಲಿ ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಮುಂದೆ ಅದರ ಪ್ರದರ್ಶನವಾಯಿತು. ತಯಾರಿಕೆಯಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಪಾಲುಗೊಂಡಿತು. ೧೯೮೨ರ ಮೇ ತಿಂಗಳಿನಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ ೫೦ ಮತಗಟ್ಟೆಗಳಲ್ಲಿ ಯಂತ್ರಗಳು ಮೊದಲ ಬಾರಿಗೆ ಬಳಕೆಯಾದವು. ಕಾನೂನಿನಲ್ಲಿ ಅವಕಾಶವಿಲ್ಲವೆಂಬ ಕಾರಣದಿಂದ ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆದೇಶಿಸಿತು. ಬಳಿಕ ಪ್ರಜಾಪ್ರಾತಿನಿಧ್ಯ ಅಧಿನಿಯಮಕ್ಕೆ ತಿದ್ದುಪಡಿಯಾಗಿ ೧೯೮೯ರಲ್ಲಿ ಜಾರಿಗೆ ಬಂದಿತು. ೧೯೯೮ರಲ್ಲಿ ೧೬ ವಿಧಾನಸಭಾ ಕ್ಷೇತ್ರಗಳಲ್ಲಿ ಪ್ರಯೋಗ ನಡೆದು, ೨೦೦೪ರ ಲೋಕಸಭಾ ಚುನಾವಣೆಯಲ್ಲಿ ೫೪೩ ಕ್ಷೇತ್ರಗಳಲ್ಲಿಯೂ ಯಂತ್ರವೇ ಮತಪತ್ರದ ಸ್ಥಾನವನ್ನು ಪಡೆಯಿತು.

ಯಂತ್ರದಲ್ಲಿ ಮೂಲತಃ ಎರಡು ಭಾಗಗಳಿವೆ. ಮತಗಟ್ಟೆಯ ಅಧಿಕಾರಿಯ ಬಳಿಯಲ್ಲಿರುವುದು ನಿಯಂತ್ರಣ ಘಟಕ. ಮರೆಯಲ್ಲಿ ಮತದಾರನ ಮುಂದಿರುವುದು ಮತದಾನ ಘಟಕ. ತಂತಿಯೊಂದು ಅವುಗಳನ್ನು ಜೋಡಿಸುತ್ತದೆ. ವಿದ್ಯುತ್ ಸಂಪರ್ಕವಿಲ್ಲದ ಹಳ್ಳಿಯಲ್ಲಿಯೂ ನಡೆಯುವಂತೆ ಬ್ಯಾಟರಿಯ ಬಲದಿಂದಲೇ ಅದು ಕೆಲಸ ಮಾಡುತ್ತದೆ. ಈಗ ಇದರ ರಚನೆಯಲ್ಲಿ ಅಡಗಿರುವ ತತ್ತ್ವಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತತ್ತ್ವಗಳು

ಮೊದಲನೆಯದು ಗೋಚರತೆ. ಮಾಡಬಹುದಾದುದೆಲ್ಲವೂ ಕಣ್ಣಿಗೆ ಕಾಣುವಂತಿರಬೇಕು, ಮಾಡಲಾಗದುದು ಕಾಣದಂತಿರಬೇಕು. ಮತದಾನ ಘಟಕದಲ್ಲಿ ಮತದಾರನು ಒತ್ತಬೇಕಾದುದು ನೀಲಿ ಗುಂಡಿಗಳನ್ನು ಮಾತ್ರ. ಒಂದು ಘಟಕದಲ್ಲಿ ೧೬ ಸಾಲುಗಳಿರುತ್ತವೆ. ಅಭ್ಯರ್ಥಿಗಳು ಅದಕ್ಕಿಂತ ಕಡಿಮೆಯಿದ್ದರೆ ಉಳಿದ ಗುಂಡಿಗಳನ್ನು ಮುಚ್ಚಿಬಿಡುತ್ತಾರೆ. ಕೆಲಸಕ್ಕೆ ಬಾರದ ಗುಂಡಿಯೊಂದು ಕಂಡರೂ ಅದು ಸಂದೇಹಕ್ಕೆ ಎಡೆಯಾಗುತ್ತದೆಂಬುದನ್ನು ವಿನ್ಯಾಸಕಾರರು ಅರಿತಿದ್ದರು. ಕಣ್ಣಿಲ್ಲದವರಿಗೆ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ.

ಎರಡನೆಯದು ಅನುರೂಪತೆ. ಒತ್ತುವ ಸ್ಥಳವೂ ಅದರ ಫಲವೂ ಪರಸ್ಪರ ಹೊಂದಿಕೊಂಡಿರಬೇಕು. ಯಂತ್ರದಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ, ದೀಪ, ಗುಂಡಿ ಇವೆಲ್ಲವೂ ಒಂದೇ ಸಾಲಿನಲ್ಲಿವೆ. ೨೦೧೫ರಿಂದ ಭಾವಚಿತ್ರವೂ ಸೇರಿಕೊಂಡಿದೆ. ಹೆಸರು ಓದಲಾರದವನು ಚಿಹ್ನೆಯನ್ನು ಕಂಡು ಬೆರಳನ್ನು ನೇರವಾಗಿ ಬಲಕ್ಕೆ ಸರಿಸಿದರೆ ಸಾಕು. ಇದು ತೀರ ಸಾಮಾನ್ಯವಾದ ವಿಷಯವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗವೇ ಸಾಕ್ಷಿ.

೨೦೦೦ನೆಯ ಇಸವಿಯ ನವೆಂಬರಿನಲ್ಲಿ ನಡೆದ ಅಲ್ಲಿನ ಅಧ್ಯಕ್ಷೀಯ ಚುನಾವಣೆಯಲ್ಲಿ, ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಜಿಲ್ಲೆಯ ಮತಪತ್ರವನ್ನು ಪಾತರಗಿತ್ತಿಯ ಎರಡು ರೆಕ್ಕೆಗಳಂತೆ ಎದುರುಬದುರು ಪುಟಗಳಲ್ಲಿ ಮುದ್ರಿಸಲಾಗಿತ್ತು. ಮತ ಹಾಕಲು ಚುಚ್ಚಬೇಕಾದ ರಂಧ್ರಗಳು ನಡುವೆ ಒಂದೇ ಸಾಲಿನಲ್ಲಿದ್ದವು. ಎಡಪುಟದ ಮೊದಲ ಹೆಸರು ಬುಷ್. ಆತನಿಗೆ ಮೊದಲ ರಂಧ್ರ. ಎಡಪುಟದ ಎರಡನೆಯ ಹೆಸರು ಗೋರ್. ಆದರೆ ಆತನಿಗೆ ಸಂದುದು ಮೂರನೆಯ ರಂಧ್ರ. ಎರಡನೆಯ ರಂಧ್ರವು ಬಲಪುಟದ ಮೊದಲಿನಲ್ಲಿದ್ದ ಬುಕ್ಯಾನನ್ನನದು. ಎರಡನೆಯ ಹೆಸರನ್ನು ಕಂಡವರು ಎರಡನೆಯ ರಂಧ್ರವನ್ನು ಚುಚ್ಚಿದುದರಲ್ಲಿ ಆಶ್ಚರ್ಯವೇನು? ಆ ಜಿಲ್ಲೆಯಲ್ಲಿ ಬುಕ್ಯಾನನ್ನನಿಗೆ ೩,೪೦೦ಕ್ಕೂ ಹೆಚ್ಚು ಮತಗಳು ಬಂದವು; ಅವುಗಳಲ್ಲಿ ಬಹುಪಾಲು ತನಗೆ ಉದ್ದೇಶಿಸಿದುವಲ್ಲವೆಂದು ಆತನೇ ಬಹಿರಂಗವಾಗಿ ಒಪ್ಪಿಕೊಂಡನು. ಎರಡು ರಂಧ್ರಗಳನ್ನು ಚುಚ್ಚಿದುದರಿಂದ ೧೯,೦೦೦ಕ್ಕೂ ಮಿಕ್ಕಿದ ಮತಪತ್ರಗಳು ಅಸಿಂಧುವಾದವು. ಇಡೀ ಫ್ಲಾರಿಡಾದಲ್ಲಿ ಬುಷ್ ಗೆದ್ದುದು ೫೩೭ ಮತಗಳ ಅಂತರದಿಂದ. ಆ ರಾಜ್ಯದ ಬಲದಿಂದಲೇ ಅಧ್ಯಕ್ಷಪದವಿ ನಿರ್ಣಯವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮತಪತ್ರವನ್ನು ರೂಪಿಸಿದವರಿಗೆ ದುರುದ್ದೇಶವಿರಲಿಲ್ಲ. ವಯೋವೃದ್ಧರು ಸುಲಭವಾಗಿ ಓದಲೆಂದು ಅಕ್ಷರಗಳನ್ನು ದೊಡ್ಡದು ಮಾಡಲು ಹೊರಟು, ಹೆಸರುಗಳು ಒಂದೇ ಪುಟದಲ್ಲಿ ಹಿಡಿಸದೆ ಎರಡು ಪುಟಗಳಿಗೆ ಹಂಚಿದರು. ಸದುದ್ದೇಶವು ಪರೀಕ್ಷೆಯ ಸ್ಥಾನವನ್ನು ತುಂಬಲಾರದು. ಹತ್ತು ಮಂದಿ ವೃದ್ಧರ ಕೈಗೆ ಮಾದರಿಯನ್ನು ಮೊದಲೇ ಕೊಟ್ಟು ನೋಡಿದ್ದರೆ ದೋಷವು ಬಹುಶಃ ಬೆಳಕಿಗೆ ಬರುತ್ತಿತ್ತು. ಸಾಕ್ಷರತೆಯೊಂದೇ ರಕ್ಷಣೆಯಲ್ಲವೆಂಬುದನ್ನೂ ಈ ಪ್ರಸಂಗವು ಸ್ಪಷ್ಟಪಡಿಸುತ್ತದೆ.

ಮೂರನೆಯದು ಪ್ರತ್ಯುತ್ತರ. ಕ್ರಿಯೆ ನಡೆಯಿತೋ ಇಲ್ಲವೋ ಎಂಬುದನ್ನು ಯಂತ್ರವು ಒಡನೆಯೇ ತಿಳಿಸಬೇಕು. ಅಧಿಕಾರಿಯು ಅನುಮತಿಯ ಗುಂಡಿಯನ್ನು ಒತ್ತಿದಾಗ ಮತದಾನ ಘಟಕದಲ್ಲಿ ಹಸಿರು ದೀಪ ಹೊತ್ತುತ್ತದೆ. ಯಂತ್ರ ಸಿದ್ಧವಾಗಿದೆಯೆಂದು ಅದರ ಅರ್ಥ. ಮತದಾರನು ಗುಂಡಿಯನ್ನೊತ್ತಿದೊಡನೆ ಆತನು ಆರಿಸಿದ ಚಿಹ್ನೆಯ ಪಕ್ಕದಲ್ಲಿಯೇ ಕೆಂಪು ದೀಪ ಬೆಳಗುತ್ತದೆ. ಬೀಪ್ ಎಂಬ ದೀರ್ಘ ಧ್ವನಿಯೂ ಹೊರಡುತ್ತದೆ. ದೀಪವು ಯಾರಿಗೆ ಮತ ಸಂದಿತೆಂಬುದನ್ನು ಮತದಾರನೊಬ್ಬನಿಗೇ ತೋರಿಸುತ್ತದೆ. ಧ್ವನಿಯು ಮತ ಸಂದಿತೆಂಬುದನ್ನು ಮಾತ್ರ ಎಲ್ಲರಿಗೂ ತಿಳಿಸುತ್ತದೆ. ಒಂದೇ ವಾರ್ತೆಯನ್ನು ಇಬ್ಬರಿಗೆ, ಅವರವರಿಗೆ ಸಲ್ಲುವಷ್ಟು ಪ್ರಮಾಣದಲ್ಲಿ ಹಂಚಿದ ವಿವೇಕವು ಇಲ್ಲಿದೆ.

ನಾಲ್ಕನೆಯದು ನಿರ್ಬಂಧ. ತಪ್ಪು ಮಾಡಬೇಡವೆಂದು ಹೇಳುವುದಕ್ಕಿಂತ ತಪ್ಪು ಮಾಡಲು ಆಗದಂತೆ ರಚಿಸುವುದು ಲೇಸು. ಒಮ್ಮೆ ಗುಂಡಿಯೊತ್ತಿದ ಬಳಿಕ ಯಂತ್ರವು ಬಂಧಿತವಾಗುತ್ತದೆ. ಅಧಿಕಾರಿಯು ಮತ್ತೆ ಅನುಮತಿ ನೀಡುವವರೆಗೆ ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಪ್ರಯೋಜನವಿಲ್ಲ. ಗೆರೆಯ ಮೇಲೆ ಬಿದ್ದ ಮೊಹರು, ಎರಡು ಚಿಹ್ನೆಗಳಿಗೆ ಬಿದ್ದ ಮೊಹರು ಎಂಬ ಹಳೆಯ ತೊಡಕುಗಳು ಹುಟ್ಟುವುದಕ್ಕೇ ಇಲ್ಲಿ ಎಡೆಯಿಲ್ಲ. ದಿನದ ಕೊನೆಯಲ್ಲಿ ಮುಕ್ತಾಯದ ಗುಂಡಿಯನ್ನು ಒತ್ತಿದ ಮೇಲೆ ಒಂದು ಮತವನ್ನೂ ಸೇರಿಸಲಾಗದು. ಫಲಿತಾಂಶದ ಗುಂಡಿಯಿರುವ ಭಾಗಕ್ಕೆ ಬಾಗಿಲು ಹಾಕಿ ಮುದ್ರೆಯೊತ್ತಿರುತ್ತಾರೆ. ಯಾವ ಗುಂಡಿ ಎಷ್ಟು ಸುಲಭವಾಗಿ ಕೈಗೆ ಸಿಗಬೇಕು, ಯಾವುದು ಸಿಗಬಾರದು ಎಂಬುದು ಅದರ ಪರಿಣಾಮದ ಗುರುತ್ವವನ್ನು ಅವಲಂಬಿಸಿರಬೇಕೆಂಬುದೇ ಇದರ ಅಭಿಪ್ರಾಯ.

ಐದನೆಯದು ಪರಿಚಿತತೆ. ಹೊಸ ಸಾಧನವು ಹಳೆಯ ಅಭ್ಯಾಸವನ್ನು ಸಾಧ್ಯವಾದಷ್ಟು ಗೌರವಿಸಬೇಕು. ಯಂತ್ರದ ಮುಖದಲ್ಲಿ ಕಾಣುವುದು ಸಾರಾಂಶದಲ್ಲಿ ಹಳೆಯ ಮತಪತ್ರವೇ; ಅದೇ ಕ್ರಮಾಂಕ, ಅದೇ ಹೆಸರು, ಅದೇ ಚಿಹ್ನೆ. ಮೊಹರಿನ ಜಾಗಕ್ಕೆ ಗುಂಡಿ ಬಂದಿತಷ್ಟೆ. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಯಾರಿಗೂ ಮತ ನೀಡದಿರುವ ಆಯ್ಕೆಯನ್ನು ಕಲ್ಪಿಸಿದಾಗಲೂ, ಅದನ್ನು ಬೇರೆ ವಿಧಾನವಾಗಿ ಮಾಡದೆ ಕೊನೆಯ ಸಾಲಾಗಿ ಸೇರಿಸಿದರು. ಮತದಾರನು ಹೊಸದಾಗಿ ಕಲಿಯಬೇಕಾದುದೇನೂ ಉಳಿಯಲಿಲ್ಲ.

ವಿನ್ಯಾಸದ ಮಿತಿಗಳು

ತತ್ತ್ವಗಳೆಲ್ಲವೂ ಎಲ್ಲೆಡೆಯೂ ಏಕಕಾಲದಲ್ಲಿ ನೆರವೇರುತ್ತವೆಂದು ಭಾವಿಸಲಾಗದು. ಮಾಡಿದುದನ್ನು ಹಿಂತೆಗೆದುಕೊಳ್ಳುವ ಅವಕಾಶವಿರಬೇಕೆಂಬುದು ಈ ಶಾಸ್ತ್ರದ ಒಂದು ಪ್ರಸಿದ್ಧ ನಿಯಮ. ಮತಯಂತ್ರದಲ್ಲಿ ಅದಿಲ್ಲ. ಒತ್ತಿದ ಗುಂಡಿಯನ್ನು ಬದಲಿಸಬಹುದಾದರೆ ಮತಗಟ್ಟೆಯಲ್ಲಿ ವಿಳಂಬವೂ ವಿವಾದವೂ ಹೆಚ್ಚುವ ಸಂಭವವುಂಟು. ಆದುದರಿಂದ ಒಂದು ಒತ್ತಿಗೆ ಒಂದು ಮತವೆಂಬ ಸರಳತೆಯೇ ಮೇಲುಗೈ ಪಡೆಯಿತು. ಎಲ್ಲಿ ಯಾವ ತತ್ತ್ವವನ್ನು ಬಿಟ್ಟುಕೊಡಬೇಕೆಂಬ ವಿವೇಚನೆಯೂ ವಿನ್ಯಾಸಕಾರನ ಕರ್ತವ್ಯದಲ್ಲಿ ಸೇರಿದೆ.

ಇದಕ್ಕಿಂತ ಗಹನವಾದ ಪ್ರಶ್ನೆ ನಂಬಿಕೆಯದು. ಮತಪತ್ರವು ಪೆಟ್ಟಿಗೆಯೊಳಗೆ ಬೀಳುವುದನ್ನು ಮತದಾರನು ಕಣ್ಣಾರೆ ಕಾಣುತ್ತಿದ್ದನು. ದೀಪ ಬೆಳಗಿದುದನ್ನು ಕಂಡರೂ ಒಳಗೆ ಅದೇ ಮತ ದಾಖಲಾಯಿತೆಂಬುದಕ್ಕೆ ಸಾಕ್ಷಿಯೇನೆಂಬ ಸಂಶಯವು ಸಹಜವಾಗಿ ಎದ್ದಿತು. ಇದರ ಪರಿಹಾರಕ್ಕಾಗಿ ವಿವಿಪ್ಯಾಟ್ ಎಂಬ ಮೂರನೆಯ ಘಟಕವು ಸೇರಿತು. ೨೦೧೩ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದ ಉಪಚುನಾವಣೆಯಲ್ಲಿ ಮೊದಲು ಬಳಸಿ, ೨೦೧೯ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಮತಗಟ್ಟೆಗಳಿಗೂ ವಿಸ್ತರಿಸಿದರು. ಅಭ್ಯರ್ಥಿಯ ಕ್ರಮಾಂಕ, ಹೆಸರು, ಚಿಹ್ನೆಗಳಿರುವ ಚೀಟಿಯೊಂದು ಗಾಜಿನ ಹಿಂದೆ ೭ ಸೆಕೆಂಡುಗಳ ಕಾಲ ಕಂಡು, ತಾನಾಗಿಯೇ ಕತ್ತರಿಸಿ ಪೆಟ್ಟಿಗೆಯೊಳಗೆ ಬೀಳುತ್ತದೆ. ೨೦೧೯ರ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿ ೫ ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಅದೇ ನ್ಯಾಯಾಲಯವು ೨೦೨೪ರ ಏಪ್ರಿಲ್ ತಿಂಗಳಿನಲ್ಲಿ ತಿರಸ್ಕರಿಸಿತು. ಈ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಉಳಿದಿವೆ. ಸುಲಭವಾಗಿ ಬಳಸಬಹುದಾದ ಯಂತ್ರವೂ, ನಂಬಿಕೆಗೆ ಪಾತ್ರವಾದ ಯಂತ್ರವೂ ಒಂದೇ ಅಲ್ಲ. ಮೊದಲನೆಯದನ್ನು ಸಾಧಿಸಿದ ಮೇಲೆಯೂ ಎರಡನೆಯದಕ್ಕೆ ಬೇರೆಯಾಗಿಯೇ ಶ್ರಮಿಸಬೇಕು. ಮತದಾನ ಆರಂಭವಾಗುವ ಮೊದಲು ಪಕ್ಷಗಳ ಏಜೆಂಟರ ಸಮ್ಮುಖದಲ್ಲಿ ಕನಿಷ್ಠ ೫೦ ಅಣಕು ಮತಗಳನ್ನು ಹಾಕಿ ತೋರಿಸುವ ಕ್ರಮವೂ ಇದೇ ಶ್ರಮದ ಭಾಗ.

ನಮಗೆ ಸಲ್ಲುವ ಪಾಠ

ಈ ತತ್ತ್ವಗಳು ಯಂತ್ರನಿರ್ಮಾಪಕರಿಗೆ ಮಾತ್ರ ಮೀಸಲಲ್ಲ. ವಿದ್ಯಾಸಂಸ್ಥೆಗಳಲ್ಲಿ ನಾವು ದಿನವೂ ಅನೇಕ ವಸ್ತುಗಳನ್ನು ಇತರರ ಬಳಕೆಗಾಗಿ ರೂಪಿಸುತ್ತಿರುತ್ತೇವೆ. ಪ್ರವೇಶದ ಅರ್ಜಿ, ಪ್ರಶ್ನಪತ್ರಿಕೆ, ಗ್ರಂಥಾಲಯದ ಸೂಚಿ, ಪ್ರಯೋಗಶಾಲೆಯ ವಿದ್ಯುತ್ ಗುಂಡಿಗಳ ಫಲಕ, ಈಚೆಗೆ ಬಂದಿರುವ ಗಣಕಯಂತ್ರ, ಇವೆಲ್ಲವೂ ಯಾರೋ ಒಬ್ಬರ ಕೈಗೆ ಸಲ್ಲತಕ್ಕವು. ಅರ್ಜಿಯನ್ನು ತುಂಬುವಾಗ ಹಲವು ಪೋಷಕರು ಒಂದೇ ಅಂಕಣದಲ್ಲಿ ತಪ್ಪುತ್ತಿದ್ದರೆ ತಿದ್ದಬೇಕಾದುದು ಪೋಷಕರನ್ನಲ್ಲ, ಅಂಕಣವನ್ನು. ತರಗತಿಯ ಅರ್ಧದಷ್ಟು ಮಕ್ಕಳು ಒಂದು ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ತಪ್ಪಾಗಿ ಅರ್ಥಮಾಡಿಕೊಂಡರೆ, ಅನುಭವಸ್ಥರಾದ ಉಪಾಧ್ಯಾಯರು ಮಕ್ಕಳನ್ನು ಗದರಿಸುವ ಮುನ್ನ ಪ್ರಶ್ನೆಯ ವಾಕ್ಯವನ್ನು ಮತ್ತೊಮ್ಮೆ ಓದುತ್ತಾರೆ. ಚಪಾನಿಸನು ವಿಮಾನದಲ್ಲಿ ಮಾಡಿದುದೂ ಇದನ್ನೇ.

ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಶಾಲೆಗೆ ಉಪಕರಣವೊಂದನ್ನು ಕೊಡಿಸುವಾಗ ಅದರ ಬೆಲೆಯನ್ನೂ ಹೊಳಪನ್ನೂ ಮಾತ್ರ ನೋಡದೆ, ಅದನ್ನು ಬಳಸತಕ್ಕ ಶಿಕ್ಷಕರ ಮತ್ತು ವಿದ್ಯಾರ್ಥಿಗಳ ಕೈಗೆ ಒಂದು ದಿನ ಕೊಟ್ಟು ನೋಡುವುದು ಒಳಿತು. ಅವರು ಎಲ್ಲಿ ತಡೆಯುತ್ತಾರೆ, ಯಾರನ್ನು ಕೇಳುತ್ತಾರೆ, ಯಾವುದನ್ನು ಮುಟ್ಟಲು ಅಂಜುತ್ತಾರೆ ಎಂಬುದನ್ನು ಮಾತಾಡದೆ ಗಮನಿಸಿದರೆ ಮಾರಾಟಗಾರರ ವಿವರಣೆಯಿಂದ ದೊರೆಯದ ತಿಳಿವಳಿಕೆ ದೊರೆಯುತ್ತದೆ.

ಅಕ್ಷರವರಿಯದವಳೊಬ್ಬಳು ಮತಗಟ್ಟೆಯ ಮರೆಯೊಳಗೆ ಏಕಾಂಗಿಯಾಗಿ ನಿಂತು, ಯಾರನ್ನೂ ಕೇಳದೆ ತನ್ನ ಇಚ್ಛೆಯ ಗುಂಡಿಯನ್ನು ಒತ್ತಿ ಹೊರಬರುವುದು ನಮಗೆ ಇಂದು ಸಾಮಾನ್ಯ ದೃಶ್ಯವಾಗಿದೆ. ಆ ಸ್ವಾತಂತ್ರ್ಯದ ಹಿಂದೆ ಸಂವಿಧಾನದ ವಾಕ್ಯವಿರುವಂತೆಯೇ, ಚಿಹ್ನೆಯ ಪಕ್ಕದಲ್ಲಿಯೇ ಗುಂಡಿಯಿರಬೇಕೆಂದು ಯೋಚಿಸಿದವರ ಶ್ರಮವೂ ಇದೆ. ಬಳಸುವವರ ಸಾಮರ್ಥ್ಯವನ್ನು ಗೌರವಿಸಿ, ಅವರ ತೊಡಕನ್ನು ಮೊದಲೇ ಊಹಿಸಿ, ಊಹಿಸಿದುದನ್ನು ಪರೀಕ್ಷಿಸಿ ನೋಡುವ ಈ ಅಭ್ಯಾಸವು ನಮ್ಮ ಶಾಲೆಗಳಲ್ಲಿ ಕಲಿಯುವ ಭಾವೀ ಇಂಜಿನಿಯರುಗಳಲ್ಲಿಯೂ ಅಧಿಕಾರಿಗಳಲ್ಲಿಯೂ ಬೇರೂರಲಿ.